ಕಾಸರಗೋಡಿನ ಹಳ್ಳಿ ಕಡೆಯ ಡಿಗ್ರಿ ಸ್ಟೂಡೆಂಟ್ 'ಗ್ಲೋಬಲ್ ಲೀಡರ್' ಆಗ್ಲಿಕ್ಕೆ ಎಂತ ಮಾಡ್ಬೇಕು?

ನೀವು ಬರೆದದ್ದು ಇಷ್ಟು: ಬದಿಯಡ್ಕ ಕಡೆಯವರು, ಹತ್ತನೇ ವರೆಗೆ ಕನ್ನಡ ಮೀಡಿಯಂ, ಈಗ ಬಿಕಾಂ ಎರಡನೇ ವರ್ಷ, ಕಾಲೇಜಿಗೆ ಯಾರೋ ಬಂದು 'ಗ್ಲೋಬಲ್ ಲೀಡರ್‌ಶಿಪ್' ಅಂತ ಒಂದು ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಿದ್ದಾರೆ, ಎಂಟು ಸಾವಿರ ಫೀಸು, ಸೇರ್ಬೇಕಾ ಬೇಡ್ವಾ, ಮತ್ತೆ ಇಂಗ್ಲಿಷ್ ಸರಿ ಬಾರದ ನಮ್ಮಂಥವರಿಗೆ ಇದೆಲ್ಲ ಆಗ್ತದಾ.

ಫೀಸಿನ ವಿಷಯ ಮೊದಲೇ ಹೇಳಿ ಬಿಡ್ತೇನೆ. ಬೇಡ. ನಾನು ಅಂಥದ್ದೇ ಒಂದಕ್ಕೆ ಸೇರಿದವ, ಹೆಸರು ಬೇಡ, ಎರಡು ದಿನ ಎಸಿ ಹಾಲ್‌ನಲ್ಲಿ ಕೂತು 'ನೀನು ನಿನ್ನನ್ನು ನಂಬು' ಅಂತ ಕೇಳಿ, ಗುಂಪು ಫೋಟೋ ತೆಗ್ಸಿ, ಮಧ್ಯಾಹ್ನ ಬಿರಿಯಾನಿ ತಿಂದು ಬಂದದ್ದು. ಬಿರಿಯಾನಿ ಚೆನ್ನಾಗಿತ್ತು, ಸುಳ್ಳು ಹೇಳ್ಬಾರ್ದಲ್ಲ. ಸರ್ಟಿಫಿಕೇಟ್ ಎಲ್ಲಿ ಉಂಟು ಅಂತ ಅಮ್ಮನಿಗೆ ಕೇಳಿದ್ರೆ ಗೊತ್ತಾದೀತು.

ನಿಜವಾಗಿ ಕಲ್ತದ್ದು ಎರಡು ಕಡೆ, ಎರಡರಲ್ಲೂ ನನ್ನ ಮರ್ಯಾದೆ ಹೋಗಿದೆ, ಅದಕ್ಕೇ ನೆನಪುಂಟು.

ಒಂದು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪ್. ನಿಮ್ಮ ಕಾಲೇಜಿನಲ್ಲೂ ಇರ್ತದೆ, 1969ರಿಂದ ಇರುವ ಸ್ಕೀಮ್ ಅದು, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಏಳು ದಿನದ ಒಂದು ಕ್ಯಾಂಪು, ಹೆಚ್ಚಿನವರು ಸೇರುದು ಗ್ರೇಸ್ ಮಾರ್ಕಿಗೆ. ನಾನೂ ಅದಕ್ಕೇ ಸೇರಿದ್ದು. ನಮ್ಮ ಕ್ಯಾಂಪು ಬಿದ್ದದ್ದು ಎಣ್ಮಕಜೆ ಪಂಚಾಯತ್‌ನಲ್ಲಿ, ಪೆರ್ಲದಿಂದ ಒಳಗೆ, ಸ್ವರ್ಗ, ಪಡ್ರೆ ಆ ಕಡೆ. (ಸ್ವರ್ಗ ಅಂತಲೇ ಊರಿನ ಹೆಸರು. ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕಿಂತ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದದ್ದು ಅಲ್ಲೆಲ್ಲ, ಅಲ್ಲಿನ ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣ ಅಂತ ಜನ ಹೇಳುದು, ನಿಮ್ಗೆ ಗೊತ್ತಿರ್ತದೆ.) ಮನೆ ಮನೆ ಸರ್ವೆ. ಫಾರ್ಮ್ ಪೂರ್ತಿ ಮಲಯಾಳದಲ್ಲಿ, ಮನೆಯವರು ಮಾತಾಡುದು ತುಳು, ಕನ್ನಡ, ಮರಾಟಿ, ಹವ್ಯಕ. ನನ್ನ ಜೊತೆ ಇದ್ದವ ಕಾಞಂಗಾಡಿನ ಹುಡುಗ, ಅವ ಓದುದು, ನಾನು ಕನ್ನಡಕ್ಕೆ ತಿರುಗಿಸಿ ಕೇಳುದು, ಉತ್ತರ ಅವ ಬರೆಯುದು. ಹೀಗೆ ದಿನಕ್ಕೆ ಇಪ್ಪತ್ತು ಮನೆ.

ಒಂದು ಮನೆಯಲ್ಲಿ ಒಬ್ಬರು ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿತಾ ಕೂತಿದ್ರು. 'ಮನೆಯಲ್ಲಿ ಅಂಗವಿಕಲರು ಯಾರಾದ್ರೂ ಇದ್ದಾರಾ' ಅಂತ ಕೇಳಿದೆ, ಫಾರ್ಮ್‌ನಲ್ಲಿ ಇದ್ದ ಹಾಗೇ. ಇಲ್ಲ ಅಂದ್ರು. ಅವ 'ಇಲ್ಲ' ಅಂತ ಬರೆದ. ಹೊರಡುವಾಗ ಕುಡಿಲಿಕ್ಕೆ ನೀರು ಕೇಳಿದೆ, ಅಜ್ಜಿ ಒಳಗೆ ಹೋದಾಗ ಬಾಗಿಲ ಸಂದಿಯಲ್ಲಿ ಚಾಪೆ ಮೇಲೆ ಒಬ್ಬ ಹುಡುಗ ಮಲಗಿದ್ದು ಕಾಣ್ತಿತ್ತು, ನನ್ನದೇ ವಯಸ್ಸು ಇರ್ಬೇಕು, ಕೈಕಾಲು ಕಡ್ಡಿ, ತಲೆ ಮಾತ್ರ ನಮ್ಮ ಕಡೆ ತಿರುಗಿಸಿ ನೋಡ್ತಿದ್ದ. ನಾನು ಪೆದ್ದನ ಹಾಗೆ, 'ಅಜ್ಜಿ, ಇಲ್ಲ ಅಂದ್ರಲ್ಲ' ಅಂತ ಕೇಳಿದೆ. ಅಜ್ಜಿ ತುಳುವಿನಲ್ಲಿ 'ಆಯೆ ಎಂಕ್ಲೆನ ಬಾಲೆ' ಅಂದ್ರು, ಅವ ನಮ್ಮ ಮಗು ಅಂತ. ಅಷ್ಟೇ. ನೀರು ಕೊಟ್ರು.

ನಾನು ಕೇಳಿದ ಶಬ್ದ ಅವರ ಮನೆಯಲ್ಲಿ ಇರ್ಲೇ ಇಲ್ಲ. ಅವರ ಮಟ್ಟಿಗೆ ಅವರು ಸುಳ್ಳು ಹೇಳಿದ್ದೂ ಅಲ್ಲ. ಆ ರಾತ್ರಿ ನಾವಿಬ್ಬರೂ ಶಾಲೆಯ ಬೆಂಚಿನ ಮೇಲೆ ಕೂತು ಫಾರ್ಮ್‌ನ ಪ್ರಶ್ನೆಯನ್ನೆಲ್ಲ ಬೇರೆ ರೀತಿಯಲ್ಲಿ ಬರೆದುಕೊಂಡೆವು, 'ಮನೆಯಲ್ಲಿ ಯಾರಿಗೆ ಊಟ ಮಾಡ್ಲಿಕ್ಕೆ, ನಡಿಲಿಕ್ಕೆ ಇನ್ನೊಬ್ಬರ ಕೈ ಬೇಕು' ಅಂತ, ತುಳುವಿನಲ್ಲೇ ಕೇಳುದು ಅಂತ. ಮರುದಿನ ಹಿಂದಿನ ದಿನ ಹೋದ ಮನೆಗಳಿಗೂ ಮತ್ತೆ ಹೋದೆವು. ನಮ್ಮ ಸಾರ್ ಬೈದ್ರು, ಟಾರ್ಗೆಟ್ ಮುಗಿಲಿಲ್ಲ ಅಂತ.

ಇನ್ನೊಂದು, ಮಂಗಳೂರಿನ ಒಂದು ಕಾಲೇಜಿನಲ್ಲಿ ಮಾಡೆಲ್ ಯುಎನ್. ಗೊತ್ತಿಲ್ಲದಿದ್ರೆ ಹೇಳ್ತೇನೆ, ವಿಶ್ವಸಂಸ್ಥೆಯ ಮೀಟಿಂಗನ್ನು ಸ್ಟೂಡೆಂಟ್ಸ್ ನಾಟಕ ಮಾಡುದು, ಒಬ್ಬೊಬ್ಬರಿಗೆ ಒಂದೊಂದು ದೇಶ, ಎದುರಿಗೆ ದೇಶದ ಹೆಸರಿನ ಬೋರ್ಡು, ಮೊದಲೇ 'ಪೊಸಿಷನ್ ಪೇಪರ್' ಅಂತ ಆ ದೇಶದ ನಿಲುವು ಬರೆದು ಕಳಿಸ್ಬೇಕು, ಆಮೇಲೆ ಭಾಷಣ, ಕಾರಿಡಾರಿನಲ್ಲಿ ಗುಂಪು ಕಟ್ಟುದು, ಕೊನೆಗೆ ಒಂದು ಠರಾವು. ನನ್ನ ಕಸಿನ್‌ನ ಮದುವೆ ಕೋಟು ಹಾಕಿ ಹೋದೆ, ತೋಳು ಗಿಡ್ಡ. ನಮ್ಮ ಕಮಿಟಿಗೆ ಕೊಟ್ಟ ವಿಷಯ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಆದ ಸ್ಟಾಕ್‌ಹೋಮ್ ಒಪ್ಪಂದದ (ಹಾನಿಕರ ರಾಸಾಯನಿಕಗಳನ್ನು ನಿಲ್ಲಿಸ್ಲಿಕ್ಕೆ ದೇಶಗಳು ಮಾಡಿಕೊಂಡದ್ದು) ಸಭೆ, ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ನಿಲ್ಲಿಸ್ಬೇಕಾ ಅಂತ. ಕಾಸರಗೋಡಿನ ಹುಡುಗ ಅಂತ ಗೊತ್ತಿದ್ದೇ ಕೊಟ್ರೋ ಚೀಟಿ ಎತ್ತುವಾಗ ಬಂತೋ, ನನಗೆ ಸಿಕ್ಕಿದ ದೇಶ ಭಾರತ.

ಈಗ ಕಷ್ಟ ನೋಡಿ. ಆ ಸಭೆಯಲ್ಲಿ ಭಾರತ ನಿಷೇಧಕ್ಕೆ ವಿರೋಧ ಇತ್ತು. ಎಂಡೋಸಲ್ಫಾನ್ ಅತಿ ಹೆಚ್ಚು ತಯಾರಾಗ್ತಿದ್ದದ್ದೇ ನಮ್ಮ ದೇಶದಲ್ಲಿ, ರೇಟು ಕಡಿಮೆ, ಬದಲಿ ಮದ್ದಿಗೆ ದುಡ್ಡು ಜಾಸ್ತಿ, ಸಣ್ಣ ರೈತ ಎಂತ ಮಾಡ್ಬೇಕು ಅಂತ ವಾದ. ಕೊನೆಗೆ ಕೆಲವು ಬೆಳೆಗೆ, ಕೆಲವು ಕೀಟಕ್ಕೆ ಅಂತ ಸ್ವಲ್ಪ ವರ್ಷದ ವಿನಾಯಿತಿ ಸಿಕ್ಕಿದ ಮೇಲೆ ಒಪ್ಪಿಕೊಂಡ್ತು. ಮುಂದಿನ ತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ದೇಶದೊಳಗೆ ಮಧ್ಯಂತರ ತಡೆ ಕೊಟ್ಟದ್ದು ಬೇರೆ ಕತೆ. ನಾನು ಮಾತ್ರ ಬೋರ್ಡು ಎತ್ತಿ ನಿಂತು 'ಇದನ್ನು ನಿಲ್ಲಿಸ್ಬೇಡಿ' ಅಂತ ಹೇಳ್ಬೇಕು, ಆ ಚಾಪೆ ಮೇಲಿನ ಹುಡುಗನನ್ನು ನೋಡಿ ಬಂದು ವರ್ಷ ಆಗಿರ್ಲಿಲ್ಲ.

ಮಾಡೆಲ್ ಯುಎನ್‌ನಲ್ಲಿ ಒಂದು ರೂಲ್ ಉಂಟು, 'ನಾನು' ಅನ್ಬಾರ್ದು, 'ಭಾರತದ ನಿಯೋಗ' ಅನ್ಬೇಕು. ಒಂದೂವರೆ ನಿಮಿಷದ ಭಾಷಣ ಬಾಯಿಪಾಠ ಮಾಡಿದ್ದೆ, ಅರ್ಧದಲ್ಲಿ ಇಂಗ್ಲಿಷ್ ಕೈಕೊಟ್ಟು 'ಐ... ಇನ್ ಮೈ ವಿಲೇಜ್...' ಅಂತ ಶುರುವಾಯ್ತು, ಚೇರ್‌ನಲ್ಲಿ ಕೂತವಳು ಸುತ್ತಿಗೆ ಕುಟ್ಟಿ ವೈಯಕ್ತಿಕ ಸರ್ವನಾಮ ಬೇಡ ಅಂದ್ಳು, ಹಾಲ್‌ನಲ್ಲಿ ನಗು, ನಾನು ಕೂತೆ. ಬಹುಮಾನ ಗಿಹುಮಾನ ಎಂತ ಇಲ್ಲ.

ಆದ್ರೆ ಪೊಸಿಷನ್ ಪೇಪರ್ ಬರಿಲಿಕ್ಕೆ ಅಂತ ಎರಡು ವಾರ ಓದಿದ್ದು ಇತ್ತಲ್ಲ, ಅದು ನನಗೆ ಇವತ್ತಿನ ವರೆಗೆ ಅನ್ನ ಹಾಕ್ತಾ ಉಂಟು. ನಮ್ಮೂರಿನಲ್ಲಿ ಈ ವಿಷಯ ಅಂದ್ರೆ ನಮ್ಗೆಲ್ಲ ಬರುದು ಸಿಟ್ಟು ಮಾತ್ರ, ಆಚೆ ಕೂತವ ಯಾಕೆ ಹಾಗೆ ಹೇಳ್ತಾನೆ, ಅವನ ಲೆಕ್ಕ ಎಂತದ್ದು ಅಂತ ನಾನು ಅವತ್ತಿನ ವರೆಗೆ ಒಂದು ದಿನ ಯೋಚ್ನೆ ಮಾಡಿದವ ಅಲ್ಲ. ಆ ಲೆಕ್ಕ ತಪ್ಪು ಅಂತ ಈಗಲೂ ನನ್ನ ಅಭಿಪ್ರಾಯ, ಆದ್ರೆ ಯಾವ ಸಾಲಿನಲ್ಲಿ ತಪ್ಪು ಅಂತ ಬೆರಳಿಟ್ಟು ತೋರಿಸ್ಲಿಕ್ಕೆ ಬರ್ತದೆ. ಆ ಜಿನೀವಾ ಸಭೆಯಲ್ಲಿ ದಿನಾ ಯಾವ ದೇಶ ಎಂತ ಹೇಳ್ತು ಅಂತ 'ಅರ್ತ್ ನೆಗೋಶಿಯೇಶನ್ಸ್ ಬುಲೆಟಿನ್' ವರದಿ ಉಂಟು, ನೆಟ್‌ನಲ್ಲಿ ಫ್ರೀ. ಅದೊಂದು ಓದಿ. ಇಂಗ್ಲಿಷ್ ಕಷ್ಟ ಅಲ್ಲ, ಒಂದೇ ನಮೂನೆ ವಾಕ್ಯ, ಮೂರು ಪುಟ ಆದ್ಮೇಲೆ ಅಭ್ಯಾಸ ಆಗ್ತದೆ.

ಆಮೇಲೆ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಇಂಟರ್‌ನ್ಯಾಷನಲ್ ರಿಲೇಶನ್ಸ್ ಎಂಎ ಮಾಡಿದೆ. ತಮಾಷೆ ಅಂದ್ರೆ ನಾವು ಕ್ಲಾಸಿನಲ್ಲಿ ದೊಡ್ಡ ದೊಡ್ಡ ಒಪ್ಪಂದ ಓದ್ತಿದ್ದ ಅದೇ ಪೆರಿಯದ ಆಸುಪಾಸಿನಲ್ಲೇ ಲೀಲಾಕುಮಾರಿ ಅಮ್ಮ ಅಂತ ಕೃಷಿ ಇಲಾಖೆಯ ಒಬ್ಬರು ಕೆಲಸ ಮಾಡ್ತಿದ್ದದ್ದು, ಹೆಲಿಕಾಪ್ಟರ್ ಸಿಂಪಡಣೆ ವಿರುದ್ಧ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದವರು. ಪಡ್ರೆಯಲ್ಲಿ ಡಾಕ್ಟರ್ ಮೋಹನ್ ಕುಮಾರ್, ಬರೆದು ಬರೆದು ಹೊರಗಿನವರಿಗೆ ಮುಟ್ಟಿಸಿದ ಪತ್ರಕರ್ತ ಶ್ರೀ ಪಡ್ರೆ. ಇವರು ಯಾರೂ ಲೀಡರ್‌ಶಿಪ್ ಕೋರ್ಸ್ ಮಾಡಿದವರಲ್ಲ. ಒಬ್ಬರು ಪೇಶಂಟ್‌ಗಳನ್ನು ನೋಡಿ ಇದೆಂತ ಒಂದೇ ಕಡೆ ಇಷ್ಟು ಅಂತ ಲೆಕ್ಕ ಇಟ್ರು, ಒಬ್ಬರು ಕೇಸ್ ಹಾಕಿದ್ರು, ಒಬ್ಬರು ಬರೆದ್ರು, ಅದು ಹೋಗಿ ಹೋಗಿ ಜಿನೀವಾ ಮುಟ್ಟಿತು. ಮುನ್ಸಿಫ್ ಕೋರ್ಟಿನಿಂದ ಅಲ್ಲಿಗೆ ದಾರಿ ಉಂಟು ಅಂತ ನನಗೆ ಯಾವ ಪ್ರೊಫೆಸರೂ ಹೇಳಿರ್ಲಿಲ್ಲ. ನೀವು ಕೇಳಿದ 'ಗ್ಲೋಬಲ್ ಲೀಡರ್‌ಶಿಪ್' ಅಂದ್ರೆ ನನ್ನ ಪ್ರಕಾರ ಈ ದಾರಿಯ ಎರಡೂ ತುದಿ ಗೊತ್ತಿರುದು, ನಡುವೆ ಓಡಾಡ್ಲಿಕ್ಕೆ ಬರುದು.

ನನ್ನ ಈಗಿನ ಕೆಲಸವೂ ಅದೇ, ಸ್ವಲ್ಪ ಸಣ್ಣ ಮಟ್ಟದಲ್ಲಿ. ಕೊಚ್ಚಿಯಲ್ಲಿ ಸಾಂಬಾರ ಪದಾರ್ಥ ರಫ್ತು ಮಾಡುವ ಒಂದು ಕಂಪನಿ, ಬೆಳಿಗ್ಗೆ ಇಡುಕ್ಕಿಯ ಏಲಕ್ಕಿ ರೈತನ ಹತ್ರ ಮಲಯಾಳದಲ್ಲಿ ಮಾತು, ಮಧ್ಯಾಹ್ನ ಹ್ಯಾಂಬರ್ಗಿನ ಬಯರ್ ಹತ್ರ ಇಂಗ್ಲಿಷಿನಲ್ಲಿ. ಯುರೋಪಿನಲ್ಲಿ ಬೇರೆ ಮಿತಿ ಇಡದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅಂತ ರೂಲ್, ಅದಕ್ಕಿಂತ ಒಂಚೂರು ಮೇಲೆ ಬಂದ್ರೆ ಕನ್‌ಸೈನ್‌ಮೆಂಟೇ ಔಟ್. ರೈತನಿಗೆ ಅದನ್ನು ಹಾಗೇ ಹೇಳಿದ್ರೆ ಫೋನ್ ಇಡ್ತಾನೆ. ಬಯರ್‌ಗೆ ರೈತನ ಕಷ್ಟ ಹಾಗೇ ಹೇಳಿದ್ರೆ ಅವನಿಗೆ ಅರ್ಥ ಆಗುದಿಲ್ಲ. ಎಣ್ಮಕಜೆಯ ಫಾರ್ಮ್ ಮತ್ತೆ ಮತ್ತೆ ನೆನಪಾಗುದು ಆವಾಗ.

ನಿಮ್ಮದು ಬಿಕಾಂ ಅಲ್ವಾ, ನಿಮ್ಗೆ ಇನ್ನೂ ಸುಲಭ, ಮನೆಯಲ್ಲಿ ಅಡಿಕೆ ಇರ್ಬೇಕಲ್ಲ. ಹೊಸ ಚಾಲಿಗೆ (ಸುಲಿದ ಒಣ ಅಡಿಕೆಗೆ) ರೇಟು ಎಷ್ಟು ಅಂತ ಅಪ್ಪ ದಿನಾ ಕೇಳ್ತಾರೆ, ಯಾಕೆ ಅಷ್ಟು ಅಂತ ನೀವು ಒಮ್ಮೆ ಹಿಡ್ಕೊಂಡು ಹೋಗಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆಮದು ಅಡಿಕೆಯ ಕನಿಷ್ಠ ಬೆಲೆ (ಅದಕ್ಕಿಂತ ಕಡಿಮೆಗೆ ತರಿಸ್ಲಿಕ್ಕೆ ಇಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು, ಅದಕ್ಕಿಂತ ಮುಂಚೆ ಭೂತಾನಿನಿಂದ ಹಸಿ ಅಡಿಕೆ 17,000 ಟನ್ ಆ ಕನಿಷ್ಠ ಬೆಲೆ ಇಲ್ಲದೆ ತರಿಸ್ಲಿಕ್ಕೆ ಬಿಟ್ಟದ್ದಕ್ಕೆ ನಮ್ಮ ಕಡೆ ಗಲಾಟೆ ಆಗಿತ್ತು. ಭೂತಾನಿನ ರೈತನಿಗೂ ಒಂದು ಮನೆ ಉಂಟು, ಅವನ ಮಗನೂ ಬಿಕಾಂ ಓದ್ತಿರ್ಬಹುದು. ಅವನ ಪರವಾಗಿ ಎರಡು ಪುಟ ಬರೆದು ನೋಡಿ, ನಿಮ್ಮ ಅಪ್ಪನ ಪರವಾಗಿ ಎರಡು ಪುಟ. ಎಂಟು ಸಾವಿರದ ಕೋರ್ಸ್‌ನಲ್ಲಿ ಇದು ಮಾಡಿಸುದಿಲ್ಲ, ಪಂಥ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ನಮ್ಗೆಲ್ಲ 'ಸಪ್ತಭಾಷಾ ಸಂಗಮ ಭೂಮಿ' ಅಂತ ಒಂದು ಜಂಬ ಉಂಟು, ಸ್ಟೇಜು ಸಿಕ್ಕಿದ್ರೆ ಹೇಳುದೇ ಅದು, ನಾವು ಹುಟ್ಟಿದ್ದೇ ಗ್ಲೋಬಲ್ ಅನ್ನುವ ಹಾಗೆ. ಮಂಜೇಶ್ವರದಲ್ಲಿ ಕೂತೇ ಜಪಾನಿನ ನೋ ನಾಟಕವನ್ನು ಕನ್ನಡಕ್ಕೆ ತಂದ ಗೋವಿಂದ ಪೈಗಳು ಇದ್ದ ಊರು ಹೌದು, ಆದ್ರೆ ಅವರು ಓದಿದ್ದು ಅವರಿಗಾಯ್ತು, ನಮ್ಗಲ್ಲ. ನನ್ನ ಕ್ಲಾಸಿನಲ್ಲಿ ಕನ್ನಡದವರ ಬೆಂಚು ಬೇರೆ, ಮಲಯಾಳದವರ ಬೆಂಚು ಬೇರೆ ಇತ್ತು, ಡಿಗ್ರಿ ಎರಡನೇ ವರ್ಷದ ವರೆಗೆ ನನಗೆ ಒಬ್ಬ ಮಲಯಾಳಿ ಫ್ರೆಂಡ್ ಇರ್ಲಿಲ್ಲ, ಆ ಕಾಞಂಗಾಡಿನವ ಮೊದಲನೆಯವ. 2017ರಲ್ಲಿ ಶಾಲೆಯಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ ನಾನು ಪ್ರತಿಭಟನೆಗೆ ಹೋದೆ, ಅವನಿಗೆ ಅದು ಯಾಕೆ ನಮ್ಗೆ ನೋವು ಅಂತ ಅರ್ಥ ಮಾಡಿಸ್ಲಿಕ್ಕೆ ಮೂರು ಚಾಯ ಬೇಕಾಯ್ತು. ಅವ ಒಪ್ಪಿದ ಅಂತ ಅಲ್ಲ, ಆದ್ರೆ ಮೂರನೇ ಚಾಯದ ದುಡ್ಡು ಅವನೇ ಕೊಟ್ಟ.

ಇಂಗ್ಲಿಷ್ ಬಗ್ಗೆ ಕೇಳಿದ್ರಿ. ಬೇಕು, ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಆದ್ರೆ ಮಾತಾಡುದಕ್ಕಿಂತ ಮೊದಲು ಬರಿಲಿಕ್ಕೆ ಕಲಿರಿ, ದಿನಕ್ಕೆ ಒಂದು ಪ್ಯಾರಾ, ತಪ್ಪಾದ್ರೂ ಅಡ್ಡಿಲ್ಲ. ಹೊರಗೆ ಓದ್ಬೇಕು ಅಂತಿದ್ರೆ ಎರಾಸ್ಮಸ್ ಮುಂಡಸ್ ಅಂತ ಯುರೋಪಿನ ಮಾಸ್ಟರ್ಸ್ ಸ್ಕಾಲರ್‌ಶಿಪ್ ಉಂಟು, ಎರಡು ಮೂರು ದೇಶದಲ್ಲಿ ಓದುದು, ಸಿಕ್ಕಿದ್ರೆ ಫೀಸು ಇಲ್ಲ, ಮೇಲಿಂದ ತಿಂಗಳಿಗೆ 1,400 ಯೂರೋ, ಹೆಚ್ಚಿನ ಕೋರ್ಸಿಗೆ ಅರ್ಜಿ ಅಕ್ಟೋಬರಿನಿಂದ ಜನವರಿ ಒಳಗೆ. ನನ್ನ ಬ್ಯಾಚಿನ ಒಬ್ಬಳಿಗೆ ಸಿಕ್ಕಿತು, ನನಗೆ ಎರಡು ಸಲ ಸಿಗ್ಲಿಲ್ಲ. ಅದರಲ್ಲಿ ಅವರು ಕೇಳುದು ನೀನು ಎಂತ ಮಾಡಿದ್ದಿ ಅಂತ ಒಂದು ಪತ್ರ, ಅದಕ್ಕೆ ಎನ್‌ಎಸ್‌ಎಸ್ ಕ್ಯಾಂಪಿನ ವಿಷಯ ಬರೆದ್ರೆ ಸಾಕು, ಸಾಚಾ ಬರಿರಿ, 'ಪ್ಯಾಶನೇಟ್' ಅನ್ನುವ ಶಬ್ದ ಹಾಕ್ಬೇಡಿ.

ಮತ್ತೆ ಆ ಎಂಟು ಸಾವಿರದಲ್ಲಿ 1,500 ತೆಗೆದು ಈಗಲೇ ಪಾಸ್‌ಪೋರ್ಟ್ ಮಾಡ್ಸಿ, 36 ಪುಟದ್ದು ಸಾಕು. ಅದಕ್ಕಿಂತ ಮೊದಲು ಎಸ್ಸೆಸ್ಸೆಲ್ಸಿ ಬುಕ್ಕು ಮತ್ತೆ ಆಧಾರ್‌ನಲ್ಲಿ ನಿಮ್ಮ ಹೆಸರಿನ ಸ್ಪೆಲಿಂಗ್ ಒಂದೇ ಉಂಟಾ ಅಂತ ನೋಡಿ, ಯಾಕೆಂದ್ರೆ ನಮ್ಮ ಕಡೆ ಕನ್ನಡದ ಹೆಸರನ್ನು ಕೇಳಿ ಮಲಯಾಳದಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಹಾಕ್ತಾರೆ, ನನ್ನ ಅಪ್ಪನ ಹೆಸರು ಮೂರು ಕಡೆ ಮೂರು ನಮೂನೆ ಇತ್ತು, ಸರಿ ಮಾಡ್ಸಲಿಕ್ಕೆ ಏಳು ತಿಂಗಳು ಹಿಡಿತು.