ಕುಡಿತ ಬಿಟ್ರೂ ಹಳೇ ಹೆಸರು ಬಿಡ್ತಿಲ್ಲ ಅಂದವರಿಗೆ

ಬ್ರದರ್, ಕುಡಿತ ಬಿಟ್ಟು ಎಂಟು ತಿಂಗಳಾದ್ರೂ ಚರ್ಚಲ್ಲಿ ಜನ ಹಳೇ ಕಣ್ಣಲ್ಲೇ ನೋಡ್ತಾರೆ, ಬೇರೆ ಸಭೆಗೆ ಹೋಗ್ಲಾ ಅಂತ ಕೇಳಿದ್ರಲ್ಲ, ನಾನಾದ್ರೆ ಹೋಗಲ್ಲ.

ನಾನು ಕೊಡಗಿನ ಸಿದ್ದಾಪುರ ಕಡೆ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ದೋನು, ಸಂಬಳದಲ್ಲಿ ಅರ್ಧನೂ ಮನೆ ಮುಟ್ತಿರ್ಲಿಲ್ಲ, ಮೇಲಿಂದ ಲೈನ್ ಮನೆಯಲ್ಲಿರೋ ಎಸ್ಟೇಟ್ ಕೂಲಿಯವರ ಹತ್ರ ಕೈಸಾಲ. ಬಿಟ್ಟು ವರ್ಷ ಆದ್ಮೇಲೂ ನಾನು ಬೆಂಚಲ್ಲಿ ಕೂತ್ರೆ ಪಕ್ಕದ ಅಂಕಲ್ ಬ್ಯಾಗನ್ನ ಆಕಡೆ ಎಳ್ಕೊಳ್ಳೋರು. ಹೊಟ್ಟೆ ಉರೀತಿತ್ತು, ಆದ್ರೆ ಅವ್ರ ಹತ್ರ ಇನ್ನೂರು ಇಸ್ಕೊಂಡು ಕೊಡದೇ ಇದ್ದೋನು ನಾನೇ ತಾನೇ.

ಬೈಬಲಲ್ಲಿ ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿ. ಮೊದ್ಲು ಒಂದೇ ದೇಹ ಒಂದೇ ಆತ್ಮ ಅಂತ ಶುರುವಾಗಿ ಆಮೇಲೆ ಹಳೇ ಸ್ವಭಾವ ಕಳಚಿ ಹಾಕೋ ಮಾತು ಬರುತ್ತೆ, ಎರಡೂ ಒಟ್ಟಿಗೇ ಇದೆ ನೋಡಿ. 28ನೇ ವಚನ ಅಂತೂ ಕಳ್ಳ ಕದಿಯೋದು ಬಿಟ್ರೆ ಸಾಕು ಅನ್ನಲ್ಲ, ದುಡಿದು ಇಲ್ಲದವರಿಗೆ ಕೊಡ್ಲಿ ಅನ್ನುತ್ತೆ.

ದೇವರು ನನ್ನ ಬದಲಾಯಿಸಿದ್ರು ಅಂತ ಸಭೆ ಮುಂದೆ ಸಾಕ್ಷಿ ಹೇಳೋಕೆ ಮೈಕ್ ಹಿಡಿಯೋ ಅವಸರ ಬೇಡ, ಮೊದ್ಲು ಸಾಲ ತೀರಿಸಿ. ಇನ್ನು ಚರ್ಚಲ್ಲಿ ನಮ್ಮಂಥೋರಿಗೆ ಜಾಗ ಇಲ್ಲ ಅನ್ಕೋಬೇಡಿ, ನಮ್ಮ ಕೊಡಗಿನ ವಿರಾಜಪೇಟೆ ಸಂತ ಅನ್ನಮ್ಮ ಚರ್ಚು 1792ರಲ್ಲಿ ಶುರುವಾಗಿದ್ದೇ ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದೋರಿಗೆ ಕೊಡಗಿನ ರಾಜರು ಜಾಗ ಕೊಟ್ಟಿದ್ರಿಂದ, ಅಂದ್ರೆ ನೆಲೆ ಇಲ್ದೋರೇ ಕಟ್ಟಿದ್ದು.

ನನಗೆ ದಾರಿ ಆಗಿದ್ದು ಚರ್ಚಲ್ಲಿ ಪಾತ್ರೆ ತೊಳೆಯೋ ಕೆಲಸ. ಕ್ರಿಸ್‌ಮಸ್ ಊಟ ಆದ್ಮೇಲೆ ದೊಡ್ಡ ಹಂಡೆ ಉಜ್ತಾ ಕೂತಿದ್ದೆ, ಡಿಸೆಂಬರ್ ಚಳಿ, ಬೆರಳು ಮರಗಟ್ಟಿತ್ತು. ಅದೇ ಅಂಕಲ್ ಒಂದು ಬಕೆಟ್ ಬಿಸಿನೀರು ತಂದಿಟ್ಟು, ಏನೂ ಮಾತಾಡದೆ ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತ್ರು.