ಕುಮಟಾದಿಂದ ಗೋಕರ್ಣಕ್ಕೆ ದಂಡೆಯಲ್ಲೇ ನಡೆದು ಬೀಚಿನಲ್ಲಿ ಮಲಗಲು ಗಂಡ-ಹೆಂಡತಿಗೆ ಎರಡು ಜನರ ಟೆಂಟ್ ಸಾಕಾ, ಮೂರು ಜನರದು ಬೇಕಾ?

ಮೂರು ಜನರದು ತಗೊಳ್ಳಿ ಅಂದರೆ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುತ್ತೆ. ಆದರೆ "ಡಿಸೆಂಬರ್ ಕೊನೆ, ನಾವಿಬ್ಬರೇ, ಯಾರೂ ಇಲ್ಲದ ಬೀಚು" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗುವೂ ಬಂತು, ಹೊಟ್ಟೆಯಲ್ಲಿ ಒಂಥರಾನೂ ಆಯಿತು. 2019ರಲ್ಲಿ ನಾವು ಹೋಗಿದ್ದೂ ಹೀಗೇ.

ನಾನು ಹಾಸನದ ಕಡೆಯವಳು, ನಮ್ಮವರು ಚಿತ್ರದುರ್ಗದವರು. ನಮ್ಮಿಬ್ಬರ ಮನೆಯಲ್ಲೂ ಸಮುದ್ರ ಅಂದರೆ ಧರ್ಮಸ್ಥಳದ ಟೂರಿನಲ್ಲಿ ಬಸ್ಸು ಮಂಗಳೂರಲ್ಲಿ ಅರ್ಧ ಗಂಟೆ ನಿಂತಾಗ ಪ್ಯಾಂಟು ಮಡಿಸಿಕೊಂಡು ಕಾಲು ನೆನೆಸಿ ಬರುವ ಜಾಗ. ಅಷ್ಟೇ ಗೊತ್ತಿದ್ದದ್ದು. ಹೊರಡುವ ಮುಂಚೆ ಒಂದು ತಿಂಗಳು ಇಬ್ಬರೂ ಟೆಂಟ್ ಬಗ್ಗೆಯೇ ಓದಿದೆವು. ತೂಕ ಎಷ್ಟು, ಮಳೆ ತಡೆಯುತ್ತಾ, ಝಿಪ್ಪು ಗಟ್ಟಿಯಾ. ಸಮುದ್ರದ ಬಗ್ಗೆ ಒಂದು ಸಾಲೂ ಓದಲಿಲ್ಲ.

ರಾತ್ರಿ ಬಸ್ಸು ಹತ್ತಿ ಡಿಸೆಂಬರ್ 26ರ ಬೆಳಿಗ್ಗೆ ಕುಮಟಾದಲ್ಲಿ ಇಳಿದೆವು. ತಾರೀಖು ನೆನಪಿರೋದಕ್ಕೆ ಕಾರಣ ಇದೆ. ಅವತ್ತು ಸೂರ್ಯಗ್ರಹಣ. ಮಂಗಳೂರಿನ ಕಡೆ ಬಳೆ ಥರ ಕಂಡಿತಲ್ಲ, ಅದೇ ಕಂಕಣ ಗ್ರಹಣ. ಕುಮಟಾದಲ್ಲಿ ಬಿಸಿಲಿಗೆ ಒಂದು ಮಂಕು ಹಳದಿ ಬಣ್ಣ ಬಂದಿತ್ತು. ನಾವು ಕಂಡ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು, ಒಂದು ಲೋಟ ಚಹಾ ಸಿಗಲಿಲ್ಲ. ಅತ್ತೆ ಫೋನಿನಲ್ಲಿ, "ಅಮಾವಾಸ್ಯೆ, ಗ್ರಹಣ ಬೇರೆ, ಯಾರಾದ್ರೂ ಮನೆ ಬಿಟ್ಟು ಹೊರಡ್ತಾರೇನಮ್ಮಾ?" ಅಂತ ಹದಿನೈದು ನಿಮಿಷ ಕ್ಲಾಸು ತಗೊಂಡರು. ನಾವು ಹೂಂಗುಟ್ಟಿ ಫೋನಿಟ್ಟು ನಕ್ಕೆವು. ಈ ನಗುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನಡಿಗೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಒಂದು ಬೀಚು, ಅದರಾಚೆ ಮುರಕಲ್ಲಿನ ಗುಡ್ಡ, ಗುಡ್ಡ ಹತ್ತಿ ಇಳಿದರೆ ಇನ್ನೊಂದು ಬೀಚು. ಬಾಡ ಅನ್ನೋ ಊರು ದಾಟಿದ ಮೇಲೆ, ಸಂಜೆ ಐದರ ಹೊತ್ತಿಗೆ, ಒಂದು ಪುಟ್ಟ ಬೀಚು ಸಿಕ್ಕಿತು. ಎರಡು ಕಡೆ ಬಂಡೆ, ಹಿಂದೆ ಕೇದಗೆ ಪೊದೆ, ಮುಂದೆ ಅಂಗಳದಷ್ಟು ಸಪಾಟಾದ ಮರಳು. ನೀರು ಎಲ್ಲೋ ದೂರದಲ್ಲಿತ್ತು. "ಇದೇ" ಅಂದರು ನಮ್ಮವರು. ಟೆಂಟ್ ಎದ್ದಿತು.

ಆಗ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಒಬ್ಬರು ಬಂಡೆ ಇಳಿದು ಬಂದರು. ಟೆಂಟ್ ನೋಡಿ ನಿಂತರು.

"ಇಲ್ಲೇ ಮಲಗೂದಾ?"

"ಹೌದು."

"ಇವತ್ತು ಅಮಾಸೆ."

ಬೆಳಿಗ್ಗೆಯಿಂದ ಗ್ರಹಣ, ಅಮಾವಾಸ್ಯೆ ಅಂತ ಕೇಳಿ ಕೇಳಿ ಕಿವಿ ತುಂಬಿತ್ತು. ನಮ್ಮ ಊರುಗಳಲ್ಲಿ ಅಮಾವಾಸ್ಯೆ ರಾತ್ರಿ ಹೊರಗೆ ಮಲಗಬೇಡಿ ಅಂದರೆ ದೆವ್ವ-ಗಾಳಿ ಅಂತಲೇ ಅರ್ಥ. ನಮ್ಮವರು ದೊಡ್ಡ ಮನುಷ್ಯರ ಹಾಗೆ, "ನಾವು ಅದನ್ನೆಲ್ಲ ನಂಬಲ್ಲ ಅಣ್ಣ" ಅಂದರು. ಅವರು ನಮ್ಮನ್ನೂ ಟೆಂಟನ್ನೂ ಒಂದು ಸಲ ನೋಡಿ, "ನಂಬೂದು ಎಂತದು ಅದ್ರಲ್ಲಿ" ಅಂತ ಗೊಣಗಿಕೊಂಡು ಹೋದರು.

ನಾವು ಮಾಡಿದ ತಪ್ಪು ಅದು. ಟೆಂಟ್ ಎಲ್ಲಿ ಹಾಕಿದೆವು ಅನ್ನೋದು ಆಮೇಲಿನ ಮಾತು. ಅವರು ದೆವ್ವದ ಸುದ್ದಿಯನ್ನೇ ಎತ್ತಿರಲಿಲ್ಲ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ, ಸಮುದ್ರದ ಭರತಿ, ಅಂದರೆ ನೀರಿನ ಏರು, ಆಗ ಎಲ್ಲಕ್ಕಿಂತ ಜಾಸ್ತಿ. ಇಳಿತವೂ ಅಷ್ಟೇ ಜಾಸ್ತಿ. ಆ ಕರಾವಳಿಯಲ್ಲಿ ಅಮಾವಾಸ್ಯೆ ದಿನ ಸಂಜೆ ಐದಾರು ಗಂಟೆ ಅಂದರೆ ನೀರು ಪೂರ್ತಿ ಇಳಿದಿರುವ ಹೊತ್ತು, ಅದಕ್ಕೇ ಬೀಚು ಅಷ್ಟು ದೊಡ್ಡದಾಗಿ ಕಂಡದ್ದು. ಅಲ್ಲಿಂದ ಆರು ಗಂಟೆ ಕಳೆದರೆ ಅದೇ ನೀರು ಪೂರ್ತಿ ಏರಿರುತ್ತೆ. ಬೆಳಿಗ್ಗೆ ಆಕಾಶದಲ್ಲಿ ಸೂರ್ಯ-ಚಂದ್ರ ಒಂದರ ಮೇಲೊಂದು ಕೂತದ್ದನ್ನು ಊರೆಲ್ಲ ನೋಡಿತ್ತು. ಸಂಜೆ ಸಮುದ್ರದ ಪಕ್ಕ ಹಾಸಿಗೆ ಹಾಸಿದ ನಮ್ಮಿಬ್ಬರಿಗೆ ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ. ಇಬ್ಬರೂ ಇಂಜಿನಿಯರುಗಳು ಬೇರೆ.

ಇನ್ನೊಂದು ಸಾಕ್ಷಿಯೂ ಕಣ್ಣೆದುರಿಗೇ ಇತ್ತು. ಮರಳಿನ ಮೇಲೆ ಎರಡು ಗೆರೆ. ಒಂದು ಕೆಳಗೆ, ಇನ್ನೂ ಒದ್ದೆ ಇದ್ದ ಪಾಚಿ ಮತ್ತು ಚಿಪ್ಪಿನದು. ಇನ್ನೊಂದು ಆರೇಳು ಹೆಜ್ಜೆ ಮೇಲೆ, ಕೇದಗೆಯ ಹತ್ತಿರ, ಒಣಗಿದ ಕಸ, ಹಳೇ ಚಪ್ಪಲಿ, ತೆಂಗಿನ ಸಿಪ್ಪೆಯದು. ಕೆಳಗಿನದು ನೀರು ಬರುವ ಗಡಿ, ಮೇಲಿನದು ಮಳೆಗಾಲದ್ದು ಅಂತ ನಾವೇ ತೀರ್ಮಾನ ಮಾಡಿ ಎರಡರ ನಡುವೆ ಟೆಂಟ್ ಹಾಕಿದ್ದೆವು. ನಿಜ ಏನಂದರೆ, ಕೆಳಗಿನ ಗೆರೆ ಅವತ್ತು ಮಧ್ಯಾಹ್ನದ ಭರತಿಯದು. ಮೇಲಿನದು ಹಿಂದಿನ ರಾತ್ರಿಯದು! ದಿನಕ್ಕೆ ಎರಡು ಸಲ ನೀರು ಏರುತ್ತೆ ಸರಿ, ಆದರೆ ಎರಡೂ ಒಂದೇ ಎತ್ತರಕ್ಕೆ ಬರಲ್ಲ. ಗೇಣುದ್ದ ವ್ಯತ್ಯಾಸ ಇದ್ದರೂ ಸಪಾಟು ಮರಳಿನಲ್ಲಿ ಆರೇಳು ಹೆಜ್ಜೆ ಆಗಿಬಿಡುತ್ತೆ. ನಮ್ಮ ಟೆಂಟ್ ಅಗಲವೂ ಹೆಚ್ಚುಕಡಿಮೆ ಅಷ್ಟೇ.

ಹನ್ನೊಂದರ ಹೊತ್ತಿಗೆ ನನಗೆ ಎಚ್ಚರ ಆಯಿತು. ಕಾಲ ಹತ್ತಿರ ತಣ್ಣಗೆ. "ರೀ, ನೀರಿನ ಬಾಟಲಿ ಮುಚ್ಚಿಲ್ವಾ?" ಅಂತ ಕೇಳಿದೆ. ಅಷ್ಟರಲ್ಲಿ ನೆಲದ ಶೀಟಿನ ಕೆಳಗೆ ಯಾರೋ ಕೈ ಹಾಕಿ ಎತ್ತಿದ ಹಾಗಾಯಿತು. ಅಲೆ ಟೆಂಟ್ ಅಡಿಗೆ ನುಗ್ಗಿ ವಾಪಸ್ ಹೋಗುವಾಗ ಮರಳನ್ನೂ ಎಳೆದುಕೊಂಡು ಹೋಯಿತು. ಗೂಟಗಳು ಬೆಣ್ಣೆಯಿಂದ ಚಾಕು ತೆಗೆದ ಹಾಗೆ ಕಿತ್ತು ಬಂದವು. ಕಗ್ಗತ್ತಲು. ಸಮುದ್ರ ಕಾಣುತ್ತಿರಲಿಲ್ಲ, ಸದ್ದು ಮಾತ್ರ, ಅದೂ ಕಿವಿಯ ಪಕ್ಕದಲ್ಲೇ. ಝಿಪ್ಪಿನ ಹಲ್ಲಿಗೆ ಮರಳು ಸಿಕ್ಕಿ ಅರ್ಧಕ್ಕೆ ನಿಂತಿತು. ಆ ಕಿಂಡಿಯಲ್ಲೇ ತೂರಿಕೊಂಡು ಹೊರಗೆ ಬಿದ್ದೆವು. ಮೊಣಕಾಲುದ್ದ ನೀರು.

ಪ್ರಾಣಕ್ಕೆ ಏನೂ ಆಗಲಿಲ್ಲ. ಬ್ಯಾಗು, ಟೆಂಟು ಎಳೆದುಕೊಂಡು ಪೊದೆ ಸೇರಿದೆವು. ಹೋದದ್ದು ನಮ್ಮವರ ಶೂ. ಹೋದರೆ ಹೋಗಲಿ ಅನ್ನಬಹುದು, ಆದರೆ ಮಗ್ಗುಲಾದಾಗ ಒಡೆಯಬಾರದು ಅಂತ ಅವರು ಕನ್ನಡಕವನ್ನು ಶೂ ಒಳಗಿಟ್ಟು ಟೆಂಟ್ ಬಾಗಿಲಲ್ಲಿ ಬಿಟ್ಟಿದ್ದರು. ಅವರದು ಮೈನಸ್ ಆರು. ಕನ್ನಡಕ ಇಲ್ಲದಿದ್ದರೆ ನನ್ನ ಮುಖವೂ ಅವರಿಗೆ ಮಂಜು.

ಗುಡ್ಡದ ಮೇಲೆ ಒಂದು ದೀಪ ಕಾಣಿಸಿತು. ಬರಿಗಾಲಿನ ಗಂಡನ ಕೈ ಹಿಡಿದು, ಮೊಬೈಲ್ ಟಾರ್ಚಿನಲ್ಲಿ, ನಾಯಿ ಬೊಗಳಿದ ಕಡೆಗೆ ಹತ್ತಿದೆ. ಆ ಮನೆಯ ಅಮ್ಮ ಏನೂ ಕೇಳದೆ ಜಗುಲಿಯಲ್ಲಿ ಚಾಪೆ ಹಾಸಿದರು, ನನಗೊಂದು ಒಣ ಸೀರೆ ಕೊಟ್ಟರು. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದರು. "ಮೇಲಿನ ಗೆರೆ ನೋಡ್ಲಿಲ್ವಾ ತಂಗಿ?" ಚಳಿಗಾಲದಲ್ಲಿ ರಾತ್ರಿ ಭರತಿ ದೊಡ್ಡದು, ಮಳೆಗಾಲದಲ್ಲಿ ಹಗಲಿನದು ದೊಡ್ಡದು ಅಂತ ಹೇಳಿಕೊಟ್ಟವರು ಅವರೇ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಬಳಚು, ಅಂದರೆ ತಿನ್ನುವ ಚಿಪ್ಪಿ, ಹೆಕ್ಕುವವರು, ತಿಥಿ ನೋಡಿಯೇ ಅವರ ದಿನ ಶುರುವಾಗೋದು. ನಾವು "ಯಾರೂ ಇಲ್ಲದ ಜಾಗ" ಅಂದುಕೊಂಡು ಮಲಗಿದ್ದು ಅವರ ಮನೆಯಿಂದ ಹತ್ತು ನಿಮಿಷದ ದಾರಿ.

ಆಮೇಲೆ ಅಘನಾಶಿನಿ ಊರಿನಿಂದ ಬಾರ್ಜಿನಲ್ಲಿ ಹೊಳೆಯಾಚೆಯ ತದಡಿಗೆ ದಾಟಿ ಗೋಕರ್ಣ ಸೇರಿದೆವು. ಓಂ ಬೀಚು ಓಂ ಆಕಾರದಲ್ಲಿದೆ ಅನ್ನೋದನ್ನು ನಾನು ಹೇಳಿದ್ದಕ್ಕೆ ಕನ್ನಡಕ ಇಲ್ಲದ ನಮ್ಮವರು ನಂಬಿದ್ದಾರೆ.

ಈಗ ನಿಮ್ಮ ವಿಷಯ. ನನ್ನ ಪ್ರಕಾರ ಟೆಂಟೇ ಬೇಡ. ಎಷ್ಟು ಜನರದು ಅನ್ನೋ ಪ್ರಶ್ನೆಯೇ ಏಳಲ್ಲ ಆಗ. ಕುಮಟಾದಿಂದ ಗೋಕರ್ಣದವರೆಗೆ ಆ ದಂಡೆಯ ಹಿಂದೆ ಉದ್ದಕ್ಕೂ ಊರುಗಳಿವೆ. ಹಗಲು ನಡೆಯಿರಿ, ರಾತ್ರಿ ಯಾವುದಾದರೂ ಹೋಮ್‌ಸ್ಟೇ ಅಥವಾ ಕೇಳಿಕೊಂಡು ಯಾರದಾದರೂ ಮನೆಯಲ್ಲಿ ದುಡ್ಡು ಕೊಟ್ಟು ಮಲಗಿ. ಬೆಳಿಗ್ಗೆ ಮೀನು ಸಾರು ಯಾವ ಟೆಂಟಿನಲ್ಲೂ ಸಿಗಲ್ಲ. ಹೊರಡುವ ಮುಂಚೆ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಅಷ್ಟಮಿ ಆಸುಪಾಸು ನೀರಿನ ಏರಿಳಿತ ಕಡಿಮೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಹಾಗಾಗಿ ಹೋದ ವಾರ ಯಾರೋ ಹಾಕಿದ ವಿಡಿಯೋದಲ್ಲಿ ಬಂಡೆ ಸುತ್ತಿ ದಾಟಿದ್ದರು ಅಂತ ನೀವೂ ಅದೇ ಹೊತ್ತಿಗೆ ಹೋಗಬೇಡಿ.

ಇಲ್ಲ, ಮಲಗೋದಾದರೆ ಬೀಚಿನಲ್ಲೇ ಅಂತ ಹಟ ಇದ್ದರೆ, ಊರವರನ್ನು ಕೇಳಿ, ಮರಳಿನ ಮೇಲೆ ಬಳ್ಳಿ ಹಬ್ಬಿ ನೇರಳೆ ಹೂ ಬಿಟ್ಟಿರುತ್ತಲ್ಲ, ಅದಕ್ಕಿಂತಲೂ ಮೇಲೆ ಹೋಗಿ. ಆ ಬಳ್ಳಿ ಸುಮ್ನೆ ಅಲ್ಲಿ ನಿಂತಿಲ್ಲ. ಲೈಟು ಉರಿಸಬೇಡಿ, ಡಿಸೆಂಬರಿನಿಂದ ಅಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುವ ಕಾಲ. ಅವುಗಳೂ ಭರತಿಯ ಗೆರೆ ದಾಟಿ ಮೇಲೆ ಬಂದೇ ಗುಂಡಿ ತೋಡೋದು. ಮತ್ತೆ ಬಲೆ ಹೊತ್ತವರು ಯಾರಾದರೂ ನಿಂತು ಒಂದು ಮಾತು ಅಂದರೆ, "ಯಾಕಣ್ಣಾ?" ಅಂತ ಕೇಳಿ. ನಾವು ಅದೊಂದನ್ನು ಕೇಳಿದ್ದಿದ್ದರೆ ಕನ್ನಡಕ ಉಳಿಯುತ್ತಿತ್ತು.

ಇಷ್ಟು ಓದಿದ ಮೇಲೂ ಟೆಂಟ್ ಬೇಕೇ ಬೇಕು ಅಂದರೆ ಹೊಸದು ಕೊಳ್ಳಬೇಡಿ, ನಮ್ಮದು ಅಟ್ಟದ ಮೇಲಿದೆ. ಮೂರು ಜನರದು. ಒಂದು ಕಂಬಿ ಇಲ್ಲ, ಝಿಪ್ಪು ಈಗಲೂ ಅರ್ಧಕ್ಕೇ ನಿಲ್ಲುತ್ತೆ.