ಕಾಳಿಟ್ಟು ಕಾಯುವವರಿಗೆ
(ಓದುಗರ ಪ್ರಶ್ನೆ, ನಮ್ಮ ಅಂಕಣಗಾರ್ತಿಯ ಉತ್ತರ)

ತೋಟದಲ್ಲಿ ಕಾಳಿನ ತಟ್ಟೆ ತೂಗುಹಾಕಿ ಮೂರು ವಾರವಾಯಿತು ಮೇಡಂ. ನವಣೆ, ಸೂರ್ಯಕಾಂತಿ ಬೀಜ ಎರಡೂ ಇಟ್ಟಿದ್ದೇನೆ. ಒಂದು ಹಕ್ಕಿಯೂ ಈ ಕಡೆ ಸುಳಿದಿಲ್ಲ. ಏನು ತಪ್ಪಾಗಿದೆ?

ಮೂರು ವಾರಕ್ಕೇ ಬೇಸರಪಡಬೇಡಿ. ನನ್ನ ಮೊದಲ ತಟ್ಟೆಗೆ ಮೊದಲ ಗುಬ್ಬಿ ಬಂದದ್ದು 40ನೇ ದಿನ. ಹೊಸದಾಗಿ ಕಂಡದ್ದನ್ನು ಹಕ್ಕಿ ಸುಲಭಕ್ಕೆ ನಂಬುವುದಿಲ್ಲ. ಹತ್ತಿರದ ಕೊಂಬೆಯಲ್ಲಿ ಕೂತು ಅತ್ತಿತ್ತ ನೋಡಿ, ಧೈರ್ಯ ಬಂದ ಮೇಲೆ ಇಳಿಯುತ್ತದೆ. ಒಂದು ಬಂದು ತಿಂದರೆ ಅದನ್ನು ನೋಡಿ ಉಳಿದವು ಬರುತ್ತವೆ.

ನಿಮ್ಮ ತಟ್ಟೆ ಎಲ್ಲಿದೆ ಎಂದು ಬರೆದಿಲ್ಲ. ಬಟ್ಟಬಯಲಲ್ಲಿ ತೂಗುತ್ತಿದ್ದರೆ ಯಾವ ಹಕ್ಕಿಗೂ ಅಲ್ಲಿ ಕೂರಲು ಮನಸ್ಸಾಗದು. ಗಿಡುಗ ಕಂಡರೆ ಹಾರಿ ಅಡಗಲು ಒಂದು ಪೊದೆ ಬೇಕು. ಹಾಗಂತ ಪೊದೆಗೇ ಅಂಟಿಸಿದರೆ ಅದರಡಿ ಬೆಕ್ಕು ಹೊಂಚಿ ಕೂರುತ್ತದೆ. ಎರಡು ಮೂರು ಮೀಟರ್ ಅಂತರ ಸರಿಹೋಗುತ್ತದೆ.

ಇನ್ನೊಂದು ಮಾತು. ಕಾಳಿಗೆ ಬರುವುದು ಕಾಳು ತಿನ್ನುವ ಹಕ್ಕಿ ಮಾತ್ರ. ಹುಳ ಹಿಡಿಯುವ ಮಡಿವಾಳ ಹಕ್ಕಿಗೆ, ಮಕರಂದ ಹೀರುವ ಸೂರಕ್ಕಿಗೆ ನಿಮ್ಮ ನವಣೆಯಿಂದ ಏನೂ ಆಗಬೇಕಾದ್ದಿಲ್ಲ. ನೀರಿಗಾದರೆ ಇವೆಲ್ಲ ಇಳಿಯುತ್ತವೆ. ಅಗಲವಾದ ಮಣ್ಣಿನ ತಟ್ಟೆ ಇಡಿ, ನೀರು 5 ಸೆಂಟಿಮೀಟರಿಗಿಂತ ಆಳ ಬೇಡ. ಪಾತ್ರೆ ನುಣುಪಾಗಿದ್ದರೆ ಕಾಲು ಜಾರುತ್ತದೆ, ನಡುವೆ ಒಂದು ಒರಟು ಕಲ್ಲಿಡಿ. ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಿದರೆ ಸೊಳ್ಳೆ ಮರಿ ಬಲಿಯುವಷ್ಟು ಸಮಯವೇ ಸಿಗುವುದಿಲ್ಲ. ಆಮೇಲೆ ಸ್ವಲ್ಪ ದೂರದಲ್ಲಿ ಕೂತು ನೋಡಿ. ಗುಬ್ಬಿ ಒಂದು ಗುಟುಕನ್ನು ಕೊಕ್ಕಿಗೆ ತುಂಬಿಕೊಂಡು, ತಲೆ ಮೇಲೆತ್ತಿ ನುಂಗಿ, ಮತ್ತೆ ಬಗ್ಗುತ್ತದೆ. ಪಾರಿವಾಳ ಹಾಗಲ್ಲ, ಕೊಕ್ಕು ಅದ್ದಿತೆಂದರೆ ತಲೆ ಎತ್ತದೆ ಹೀರುತ್ತಲೇ ಇರುತ್ತದೆ. ಇದನ್ನು ನೋಡುತ್ತ ನಾನು ಕಳೆದ ಬೆಳಗುಗಳಿಗೆ ಲೆಕ್ಕವಿಲ್ಲ.

ಉಳಿದ ಬ್ರೆಡ್ಡು, ಹಾಲು ಹಾಕಬಹುದೇ? ಹಸಿ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಉಬ್ಬಿ ಒಡೆಯುತ್ತದಂತೆ, ನಿಜವೇ?

ಅಕ್ಕಿಯ ಮಾತು ಸುಳ್ಳು. ಗದ್ದೆಯ ಭತ್ತವನ್ನೇ ತಿಂದು ಬದುಕುವ ಹಕ್ಕಿಗಳಿವೆ. ಹಾಲು ಮಾತ್ರ ಬೇಡವೇ ಬೇಡ. ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲು ಹಕ್ಕಿಗೆ ಆಗುವುದಿಲ್ಲ, ಭೇದಿಯಾಗುತ್ತದೆ. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಉಪ್ಪು ಹಾಕಿದ್ದು, ಕರಿದದ್ದು, ಚಾಕೊಲೇಟು, ಬೆಣ್ಣೆಹಣ್ಣು ಯಾವುದೂ ಬೇಡ. ಕಡಲೆಕಾಯಿ ಬೀಜ ಮುಗ್ಗಿದ್ದರೆ ಎಸೆದುಬಿಡಿ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ನಿಮಗೆ ತಿನ್ನಲು ಅಂಜಿಕೆಯಾದದ್ದನ್ನು ಹಕ್ಕಿಗೂ ಇಡಬೇಡಿ.

ಸೂರಕ್ಕಿಗೆ ಜೇನುತುಪ್ಪ ಕಲಸಿದ ನೀರು ಇಡುವ ಆಸೆ. ಸರಿಯೇ?

ಜೇನು ಬೇಡ. ನೀರು ಬೆರೆತ ಜೇನು ಬೇಗ ಹುಳಿತು ಬೂಷ್ಟು ಹಿಡಿಯುತ್ತದೆ. ಇಡಲೇಬೇಕೆಂದರೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೆರೆಸದೆ. ಬಿಸಿಲ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಚೆಲ್ಲಿ ಪಾತ್ರೆ ತೊಳೆಯಬೇಕು. ನನ್ನನ್ನು ಕೇಳಿದರೆ, ಅದರ ಬದಲು ಕೊಳವೆಯಂಥ ಹೂ ಬಿಡುವ ಎರಡು ಗಿಡ ನೆಡಿ. ಹೂವಿಗೆ ಬಂದ ಸೂರಕ್ಕಿ ಅಲ್ಲೇ ಜೇಡವನ್ನೂ ಹಿಡಿದು ತಿನ್ನುತ್ತದೆ.

ಊಟದ ಮೇಜಿನಿಂದಲೇ ಹಕ್ಕಿ ಕಾಣಲಿ ಎಂದು ದೊಡ್ಡ ಗಾಜಿನ ಕಿಟಕಿಯ ಮುಂದೆ ತಟ್ಟೆ ಕಟ್ಟಿಸಬೇಕೆಂದಿದ್ದೇವೆ. ಎಷ್ಟು ದೂರ ಇರಬೇಕು?

ಕಟ್ಟಿಸುವ ಮೊದಲೇ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ನಾನು ಯಾರನ್ನೂ ಕೇಳದೆ ಕಿಟಕಿಯಿಂದ ನಾಲ್ಕು ಮೀಟರ್ ದೂರಕ್ಕೆ ಕಟ್ಟಿದ್ದೆ. ಒಂದು ಮಧ್ಯಾಹ್ನ ಧಡ್ ಎಂದು ಸದ್ದಾಯಿತು. ಗಾಜಿನ ಮೇಲೆ ಬಿಳಿ ಪುಡಿಯಲ್ಲಿ ಅಚ್ಚೊತ್ತಿದ ಹಾಗೆ ಒಂದು ಪಾರಿವಾಳ: ಎರಡೂ ರೆಕ್ಕೆ ಚಾಚಿ, ಒಂದೊಂದು ಗರಿಯ ಗೆರೆಯೂ ಕಾಣುವಂತೆ. ಅವುಗಳ ಗರಿಯಲ್ಲಿ ನಯವಾದ ಪುಡಿ ಇರುತ್ತದೆ, ಅದೇ ಅಂಟಿಕೊಂಡಿತ್ತು. ಹಕ್ಕಿ ಕೆಳಗೆ ಬಿದ್ದಿತ್ತು, ಇನ್ನೂ ಬೆಚ್ಚಗಿತ್ತು. ಆ ಗಾಜನ್ನು ಒರೆಸಲು ನನಗೆ ಎರಡು ದಿನ ಕೈ ಬರಲಿಲ್ಲ.

ಗಾಜಿನಲ್ಲಿ ಆಕಾಶ, ಮರ ಕಂಡರೆ ಹಕ್ಕಿ ಅದನ್ನೇ ದಾರಿ ಎಂದುಕೊಳ್ಳುತ್ತದೆ. ತಟ್ಟೆ ಒಂದು ಮೀಟರಿನೊಳಗೆ ಇರಲಿ, ಆಗ ಗಾಬರಿಯಿಂದ ಹಾರಿದರೂ ಜೋರು ವೇಗ ಬಂದಿರುವುದಿಲ್ಲ. ಇಲ್ಲವೇ ಹತ್ತು ಮೀಟರಿಗೂ ಆಚೆ ಇಡಿ. ಗಾಜಿನ ಹೊರಮೈಗೆ 5 ಸೆಂಟಿಮೀಟರಿಗೊಂದರಂತೆ ಚುಕ್ಕಿ ಅಂಟಿಸಿ. ನಡುವೆ ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಅದರ ಪಕ್ಕದಿಂದ ನುಗ್ಗಿ ಬಡಿದುಕೊಳ್ಳುತ್ತವೆ.

ತಟ್ಟೆಗೆ ಬರುವ ಪಾರಿವಾಳವೊಂದು ಗರಿ ಉಬ್ಬಿಸಿಕೊಂಡು ತೂಕಡಿಸುತ್ತ ಕೂತಿರುತ್ತದೆ. ಕೊಕ್ಕಿನ ಸುತ್ತ ಒದ್ದೆ. ಕಾಳು ಬಾಯಿಗೆ ಹಾಕಿಕೊಂಡರೂ ನುಂಗಲಾಗದೆ ಬೀಳಿಸುತ್ತದೆ. ಔಷಧಿ ಇದೆಯೇ?

ನೀವು ಬರೆದ ಲಕ್ಷಣ ನೋಡಿದರೆ ಟ್ರೈಕೊಮೊನಾಸಿಸ್ ಇರಬಹುದೆಂಬ ಅನುಮಾನ. ಗಂಟಲಲ್ಲಿ ಹುಣ್ಣು ಮಾಡುವ ಸೂಕ್ಷ್ಮ ಪರಾವಲಂಬಿಯಿಂದ ಬರುವ ರೋಗ ಇದು. ಎಂಜಲು ತಾಗಿದ ಕಾಳು, ನೀರಿನಿಂದ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಇದೇ ರೋಗ ಗ್ರೀನ್‌ಫಿಂಚ್ ಎಂಬ ಕಾಳಿನ ಹಕ್ಕಿಗಳನ್ನು ಅಪಾರ ಸಂಖ್ಯೆಯಲ್ಲಿ ಕೊಂದಿತು.

ನೀರಿಗೆ ಔಷಧಿ ಬೆರೆಸಿ ಇಡಬೇಡಿ. ಯಾವ ಹಕ್ಕಿ ಎಷ್ಟು ಕುಡಿಯಿತೆಂದು ಗೊತ್ತಾಗುವುದಿಲ್ಲ. ಹಕ್ಕಿ ಕೈಗೆ ಸಿಗುವಷ್ಟು ನಿತ್ರಾಣವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಇವತ್ತೇ ಕಾಳು, ನೀರು ಎರಡನ್ನೂ ತೆಗೆಯಿರಿ, ಕಡೇಪಕ್ಷ ಎರಡು ವಾರ ಇಡಬೇಡಿ. ಕಷ್ಟವೆನಿಸುತ್ತದೆ ಎಂದು ಬಲ್ಲೆ. ನಾನು ನಿಲ್ಲಿಸಿದಾಗ ಗುಬ್ಬಿಗಳು ಬರಿ ಕೊಕ್ಕೆಯ ಸುತ್ತ ಹಾರಾಡುವುದನ್ನು ನೋಡಲಾಗದೆ ಪರದೆ ಎಳೆದುಕೊಂಡಿದ್ದೆ. ಆದರೂ ಅವು ಬೇರೆಡೆ ಚದುರಿ ಮೇಯಬೇಕು, ಒಂದೇ ತಟ್ಟೆಗೆ ಮುತ್ತಬಾರದು. ತಟ್ಟೆಯನ್ನು ಸೋಪಿನಲ್ಲಿ ತಿಕ್ಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ. ಒಣಗಿದರೆ ಆ ಪರಾವಲಂಬಿ ಬದುಕುವುದಿಲ್ಲ. ಸತ್ತ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಮತ್ತೆ ಶುರು ಮಾಡಿದಾಗ ಒಂದೇ ದಿನಕ್ಕೆ ಮುಗಿಯುವಷ್ಟು ಕಾಳು ಮಾತ್ರ ಇಡಿ.

ನಿಂಬೆ ಗಿಡದ ಎಲೆಯೆಲ್ಲ ಕಂಬಳಿಹುಳದ ಪಾಲಾಗುತ್ತಿದೆ. ಹಕ್ಕಿಗಳಿಗೆ ತೊಂದರೆಯಾಗದ ಕೀಟನಾಶಕ ಯಾವುದು?

ದಯವಿಟ್ಟು ಯಾವುದನ್ನೂ ಹೊಡೆಯಬೇಡಿ. ವರ್ಷವಿಡೀ ಕಾಳು ತಿನ್ನುವ ಗುಬ್ಬಿ ಕೂಡ ಎಳೆ ಮರಿಗೆ ಕಾಳು ಕೊಡುವುದಿಲ್ಲ, ಹುಳ ತಂದು ಕೊಡುತ್ತದೆ. ಮರಿಗೆ ಮೈ ತುಂಬಲು, ಗರಿ ಮೂಡಲು ಆ ಸತ್ವವೇ ಬೇಕು. ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಿ ಹಾರಿಸಲು 6,000ದಿಂದ 9,000 ಹುಳ ಹೊತ್ತು ತರುತ್ತದೆಂದು ಲೆಕ್ಕ ಹಾಕಿದ್ದಾರೆ. ಅಷ್ಟನ್ನು ನಾವು ಯಾವ ತಟ್ಟೆಯಲ್ಲಿ ಇಡಲು ಸಾಧ್ಯ?

ನನ್ನ ನಿಂಬೆ ಗಿಡದ ಪಕ್ಕದ ಅಗಲ ಎಲೆಯೊಂದನ್ನು ಹೊಲಿದು ಟುವ್ವಿಹಕ್ಕಿ ಗೂಡು ಕಟ್ಟಿತ್ತು. ಒಂದು ಬೆಳಗ್ಗೆ ಗಡಿಯಾರ ಇಟ್ಟುಕೊಂಡು ಕೂತೆ. ಒಂದು ಗಂಟೆಯಲ್ಲಿ ಗಂಡು ಹೆಣ್ಣು ಸೇರಿ 17 ಸಲ ಬಂದವು. ಕೊಕ್ಕಿನಲ್ಲಿ ಅಡ್ಡಕ್ಕೆ ಹಸಿರು ಹುಳ, ಕೆಲವೊಮ್ಮೆ ಅದಿನ್ನೂ ಮಿಸುಕುತ್ತಿತ್ತು. ಅಮ್ಮ ಬಂದು ಕೂತು ಎಲೆ ಅಲುಗಿದ ಕೂಡಲೇ ಒಳಗಿಂದ ಕಿತ್ತಳೆ ಬಣ್ಣದ ಬಾಯಿಗಳು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು.

ಗಿಡ ತೀರ ಎಳೆಯದಾದರೆ ಹುಳಗಳನ್ನು ಕಡ್ಡಿಯಿಂದ ಎತ್ತಿ ಬಲಿತ ಗಿಡಕ್ಕೆ ಬಿಡಿ. ಬಲಿತದ್ದೇ ಆಗಿದ್ದರೆ ತಿನ್ನಲಿ ಬಿಡಿ, ಮತ್ತೆ ಚಿಗುರುತ್ತದೆ.